ಮೋಡದ ಕಡಲಲ್ಲಿ ಒಂದು ದಿನದ ತಂಗುದಾಣ

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಘಾಟಿ ಏರುತ್ತಿದ್ದಂತೆ ತೆಂಗು-ಅಡಿಕೆ ತೋಟಗಳು ಹಿಂದೆ ಸರಿಯುತ್ತವೆ, ಕಾಫಿಯ ಘಮ ಬರುತ್ತದೆ, ಆಮೇಲೆ ಚಳಿ. ಮಳೆಗಾಲದ ಕೊನೆಯ ದಿನಗಳಲ್ಲಿ ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್‌ಗೆ ನಸುಕಿನಲ್ಲೇ ನಡೆದುಹೋದವರಿಗೆ ಎಷ್ಟೋ ಸಲ ಕಣಿವೆ ಕಾಣುವುದೇ ಇಲ್ಲ. ಕಾಲ ಕೆಳಗೆ ಬೆಳ್ಳನೆಯ ಮೋಡ ಹರಡಿಕೊಂಡಿರುತ್ತದೆ. ಬಾಬಾಬುಡನ್ ಸಾಲಿನ ನೆತ್ತಿಗಳಷ್ಟೇ ಅದರೊಳಗಿಂದ ತಲೆ ಎತ್ತಿರುತ್ತವೆ.

ಜೀವವಿಜ್ಞಾನಿಗಳು ಇಂಥ ಶಿಖರಗಳನ್ನು ‘ಆಕಾಶ ದ್ವೀಪ’ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ತಂಪಿಗೆ, ಹುಲ್ಲುಗಾವಲಿನ ಮಡಿಲಲ್ಲಿ ಗುಂಪುಗುಂಪಾಗಿ ನಿಂತ ಶೋಲಾ ಕಾಡಿಗೆ ಒಗ್ಗಿದ ಜೀವಿಗೆ ಕೆಳಗಿನ ಬಿಸಿ ಬಯಲು ದಾಟಲಾಗದ ಸಮುದ್ರವೇ. 1835ರಲ್ಲಿ ‘ಬೀಗಲ್’ ಹಡಗು ಗ್ಯಾಲಪಗಾಸ್‌ನಲ್ಲಿ ಐದು ವಾರ ತಂಗಿದ್ದಾಗ, ದ್ವೀಪದಿಂದ ದ್ವೀಪಕ್ಕೆ ಅಣಕಹಕ್ಕಿಗಳು ಬೇರೆಬೇರೆಯಾಗಿರುವುದು ಡಾರ್ವಿನ್ ಕಣ್ಣಿಗೆ ಬಿತ್ತು. ನಮ್ಮ ಬೆಟ್ಟಗಳಲ್ಲಿಯೂ ಅದೇ ಕಥೆ ನಡೆದಿದೆ.

ಅದನ್ನು ತೋರಿಸಿಕೊಟ್ಟದ್ದು ಒಂದು ಪುಟ್ಟ ನೀಲಿ ಹಕ್ಕಿ. ಬೆನ್ನು ಕಡುನೀಲಿ, ಪಕ್ಕೆ ಇಟ್ಟಿಗೆಗೆಂಪು, ಹೊಟ್ಟೆಯ ನಡುವೆ ಬಿಳುಪು. ಶೋಲಾದ ಕತ್ತಲ ನೆಲದಲ್ಲಿ ಉದ್ದ ಕಾಲುಗಳಿಂದ ಕುಪ್ಪಳಿಸುತ್ತ ಹುಳ ಹುಡುಕುವ ಈ ನೀಲಿ ರಾಬಿನ್ ಬಯಲಿಗೆ ಬರಲು ಹಿಂಜರಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಇದರ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಸುಮಾರು 30 ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಣಿವೆಯ ಆಚೆಗಿನದು ಬೇರೆ, ಈಚೆಗಿನದು ಬೇರೆ ಎಂಬುದು ಸ್ಪಷ್ಟವಾಯಿತು. 2017ರಲ್ಲಿ ಇವುಗಳಿಗೆ ‘ಶೋಲಿಕೋಲಾ’ ಎಂಬ ಹೊಸ ಕುಲನಾಮವೇ ಬಂತು. ಶೋಲಾವಾಸಿ ಎಂದು ಅರ್ಥ. ಈಚೆಗಿನ ಹಕ್ಕಿಗೆ ನೀಲಗಿರಿ, ಬ್ರಹ್ಮಗಿರಿಗಳ ಜೊತೆಗೆ ಬಾಬಾಬುಡನ್ ಬೆಟ್ಟವೂ ತವರು.

ರಾತ್ರಿ ಮಳೆ ನಿಂತ ಮೇಲೆ ಪೊದೆಗಳಿಂದ ‘ಟಿಕ್ ಟಿಕ್’ ಸದ್ದು ಕೇಳಿದರೆ ಅದು ಪೊದೆಗಪ್ಪೆ. ಎಲೆಯ ಮೇಲೆ ಕುಳಿತು, ಗಂಟಲ ಚೀಲವನ್ನು ತನ್ನ ತಲೆಗಿಂತ ದೊಡ್ಡದಾಗಿ ಉಬ್ಬಿಸಿ ಕೂಗುವ ಈ ಜೀವ ಹೆಬ್ಬೆರಳ ತುದಿಯಷ್ಟಿರುತ್ತದೆ. ಇಳಿಜಾರಿನ ನೆತ್ತಿಯಲ್ಲಿ ಕೆರೆಕುಂಟೆಗಳೆಲ್ಲಿಂದ ಬರಬೇಕು? ಇದಕ್ಕೆ ಅವು ಬೇಕೂ ಇಲ್ಲ. ಒದ್ದೆ ತರಗೆಲೆಯ ನಡುವೆಯೋ ಎಲೆಯ ಮೇಲೋ ಇಟ್ಟ ಮೊಟ್ಟೆಯಿಂದ ಗೊದಮೊಟ್ಟೆಯ ಬದಲು ನೇರವಾಗಿ ಕಪ್ಪೆಮರಿಯೇ ಹೊರಬರುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ 1937ರಲ್ಲೇ ಇದೇ ಜಿಲ್ಲೆಯ ಕೊಟ್ಟಿಗೆಹಾರದ ಕಪ್ಪೆಗಳನ್ನು ಗುರುತಿಸಿ ಹೆಸರಿಟ್ಟಿದ್ದರು. ಅವರು ಕೂಡಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ನಾಡಿಗೆ ಅದು ದೊಡ್ಡ ನಷ್ಟ. ಆದರೆ 2010ರಲ್ಲಿ ಪೊದೆಗಪ್ಪೆಗಳ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಇಡಲಾಯಿತು.

ಇವರೆಲ್ಲ ದ್ವೀಪ ಬಿಟ್ಟು ಹೋಗದ ನಿವಾಸಿಗಳು. ಬಂದು ತಂಗಿ ಹೋಗುವ ಯಾನಿಗಳೂ ಇದ್ದಾರೆ. ಸೆಪ್ಟೆಂಬರ್ ಹೊತ್ತಿಗೆ ತೊರೆಯ ಕಲ್ಲುಗಳ ಮೇಲೆ ಬಾಲ ಕುಣಿಸುವ ಬೂದು ಕುಂಡೆಕುಸ್ಕ ಹಿಮಾಲಯದ ಕಡೆಯಿಂದ ಬಂದ ಅತಿಥಿ.

ಅದಕ್ಕಿಂತ ಬೆರಗು ಹುಟ್ಟಿಸುವುದು ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎನ್ನುವ ಹಳದಿ ಕೊಡತಿ ಕೀಟ. ಮಳೆ ತಗ್ಗಿದಾಗ ಹುಲ್ಲುಗಾವಲಿನ ಮೇಲೆ ಇವುಗಳ ಹಿಂಡು ಹಾರಾಡುತ್ತದೆ. ಇದೇ ಜಾತಿಯ ಕೀಟಗಳು ಪ್ರತಿ ಅಕ್ಟೋಬರ್‌ನಲ್ಲಿ ಮಾಲ್ದೀವ್ಸ್‌ನಲ್ಲಿ ಕಾಣಿಸಿಕೊಳ್ಳುವುದನ್ನು ಅಲ್ಲಿ ನೆಲೆಸಿದ್ದ ಸಾಗರ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಲೆಕ್ಕವಿಟ್ಟು 2009ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಇವು ದಕ್ಷಿಣ ಭಾರತದಿಂದ ಹೊರಟು, ಹಾಯಿಹಡಗಿನಂತೆ ಗಾಳಿಯ ನೆರವು ಪಡೆದು ಕಡಲು ದಾಟಿ, ಆ ದ್ವೀಪಗಳಲ್ಲಿ ತಂಗಿ ಪೂರ್ವ ಆಫ್ರಿಕಾ ಸೇರುತ್ತವೆ. ಹೋಗಿಬರುವ ದಾರಿ 14,000ದಿಂದ 18,000 ಕಿಲೋಮೀಟರ್. ಮುಗಿಸಲು ನಾಲ್ಕು ತಲೆಮಾರು ಬೇಕು.

ಕೆಮ್ಮಣ್ಣುಗುಂಡಿಗೆ ಬರುವ ನಾವೂ ಒಂದೆರಡು ದಿನ ತಂಗುವವರೇ. ಬೇಸಿಗೆಯಲ್ಲಿ ಈ ಹುಲ್ಲು ಸುಡಲು ಒಂದು ಬೀಡಿಯ ಕಿಡಿ ಸಾಕು. ದಯವಿಟ್ಟು ಬೆಂಕಿ ತರಬೇಡಿ. ಶೋಲಾದೊಳಗೆ ಕಾಲುದಾರಿ ಬಿಟ್ಟು ತರಗೆಲೆ ತುಳಿಯಬೇಡಿ, ಅದರಡಿ ಪೊದೆಗಪ್ಪೆಯ ಮೊಟ್ಟೆಗಳಿರಬಹುದು.