ಧೂಳಿನಾಗ ಕುರಿ ಕಾಣ್ತದೇನ್ರಿ?

ಕೋಟುಮಚಗಿ ರಸ್ತೆಯಾಗ ಚಾಲಕನಿಲ್ಲದ ಟ್ರ್ಯಾಕ್ಟರ್ ಹೊಂಟದ ಅಂತ ತಿಳ್ಕೊಳ್ರಿ. ಕುರಿ ಹಿಂಡು ಅಡ್ಡ ಬಂತು. ಕ್ಯಾಮೆರಾ ಕುರಿ ಅಂತ ಗುರುತು ಹಿಡೀತದ. ಧೂಳು ಎದ್ರ ಅದಕ್ಕ ಮಬ್ಬು. ಲೈಡಾರ್ ಲೇಸರ್ ಬೆಳಕು ಬಿಟ್ಟು ದೂರ ಅಳೀತದ. ದಟ್ಟ ಧೂಳು ಅದನ್ನೂ ಕಾಡ್ತದ. ರೇಡಾರ್ ಧೂಳಿಗೆ ಜಗ್ಗಂಗಿಲ್ಲ, ಎದುರಿಗೆ ಬರೋದರ ವೇಗಾನೂ ಹೇಳ್ತದ. ಆದ್ರ ಕುರಿ ನೆಟ್ಟಗ ಅಡ್ಡ ದಾಟಿದ್ರ ಆ ವೇಗ ಹೆಚ್ಚುಕಡಿಮಿ ಸೊನ್ನೆ!

ಅದಕ್ಕ ಮೂರೂ ಸೆನ್ಸರಿನ ಲೆಕ್ಕ ಕೂಡಿಸಿ, ಕುರಿ ಮುಂದಿನ ಕ್ಷಣ ಎಲ್ಲಿರ್ತದ ಅಂತ ಅಂದಾಜು ಹಾಕಬೇಕು. ಇಂಥಾ ಅಂದಾಜಿಗೆ ಇವತ್ತಿಗೂ ಬಳಸೋ ಗಣಿತ ರುಡಾಲ್ಫ್ ಕಾಲ್ಮನ್ 1960ರಾಗ ಕೊಟ್ಟದ್ದು.

2023ರಾಗ ಬೆಂಗಳೂರಿನ ಮೈನಸ್ ಝೀರೋ ಕಂಪನಿ, ಮುಖ್ಯವಾಗಿ ಕ್ಯಾಮೆರಾನ ನಂಬಿದ ಝೀಪಾಡ್ ಅನ್ನೋ ಚಾಲಕನಿಲ್ಲದ ವಾಹನ ತೋರಿಸ್ತು. ಭಾಳ ಚಲೋ ಕೆಲಸ. ಆದ್ರ ನಮ್ಮ ಎರಿ ಸೀಮಿ ಧೂಳಿನಾಗ ಕ್ಯಾಮೆರಾದ ಜೋಡಿ ರೇಡಾರ್ ಬೇಕ ಬೇಕ್ರಿ.