ಉಬ್ಬಸ ಇಲ್ಲದ ದಿನವೂ ಇನ್‌ಹೇಲರ್

ರಮಝಾನ್ ಹತ್ತಿರವಾದಂತೆ ಅಸ್ತಮಾ ಇರುವವರು ಕೇಳುವ ಪ್ರಶ್ನೆ ಒಂದೇ: ಇನ್‌ಹೇಲರ್ ಎಳೆದರೆ ಉಪವಾಸ ಮುರಿಯುತ್ತದೆಯೇ? ಮುರಿಯುವುದಿಲ್ಲ ಎಂದು ಶೈಖ್ ಇಬ್ನ್ ಬಾಝ್, ಶೈಖ್ ಇಬ್ನ್ ಉಸೈಮೀನ್ ಅಭಿಪ್ರಾಯಪಟ್ಟಿದ್ದಾರೆ. ಔಷಧಿ ಗಂಟಲಿನ ಮೂಲಕ ಒಳಗೆ ಹೋಗುವುದರಿಂದ ಮುರಿಯುತ್ತದೆ ಎನ್ನುವ ಹನಫಿ ಉಲಮಾಗಳು ಅನೇಕರಿದ್ದಾರೆ. ನೀವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳಿ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ನಿಮ್ಮ ಕೈಯಲ್ಲಿರುವುದು ಯಾವ ಇನ್‌ಹೇಲರ್?

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡಿರುತ್ತದೆ. ಆ ಊತ ಉಬ್ಬಸ ಬಂದ ದಿನ ಮಾತ್ರವಲ್ಲ, ಆರಾಮವಾಗಿರುವ ದಿನವೂ ಒಳಗೇ ಇರಬಹುದು. ಧೂಳು, ನೆಗಡಿ, ಚಳಿಗಾಳಿ ತಾಗಿದಾಗ ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣದ ಪಂಪ್‌ನಲ್ಲಿ ಸಿಗುವ ಸಾಲ್ಬುಟಮಾಲ್ ಆ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಊತವನ್ನು ಅದು ಮುಟ್ಟುವುದೇ ಇಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇರುವ ಇನ್‌ಹೇಲರ್. ಇದು ದಿನ, ವಾರಗಳ ಲೆಕ್ಕದಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಎಳೆದ ಕೂಡಲೇ ಹಾಯೆನಿಸದ ಕಾರಣ ‘ಇದು ನನಗೆ ನಾಟಲಿಲ್ಲ’ ಎಂದು ಬಿಡುವವರೇ ಹೆಚ್ಚು. ನೀಲಿ ಪಂಪ್ ಒಂದನ್ನೇ ನೆಚ್ಚಿಕೊಂಡವರಲ್ಲಿ ಅಪಾಯಕಾರಿ ಉಬ್ಬಸ ಹೆಚ್ಚುವುದರಿಂದ, ಗ್ಲೋಬಲ್ ಇನಿಷಿಯೇಟಿವ್ ಫಾರ್ ಅಸ್ತಮಾ ಎಂಬ ತಜ್ಞರ ಸಂಸ್ಥೆ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಅದೊಂದನ್ನೇ ಕೊಡುವ ಚಿಕಿತ್ಸೆ ಬೇಡ ಎನ್ನುತ್ತಿದೆ.

ಸ್ಟೀರಾಯ್ಡ್ ಎಂದೊಡನೆ ಮನೆಯ ಹಿರಿಯರು ಹೆದರುತ್ತಾರೆ. ಬುಡೆಸೊನೈಡ್‌ನ ಒಂದು ಎಳೆತದಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ. ಪ್ರೆಡ್ನಿಸೊಲೋನ್‌ನ 5 ಮಿಲಿಗ್ರಾಂ ಮಾತ್ರೆಯೆಂದರೆ 5000 ಮೈಕ್ರೋಗ್ರಾಂ. ಎರಡೂ ಬೇರೆ ಔಷಧಿಗಳು, ನೇರ ಹೋಲಿಕೆ ಸರಿಯಲ್ಲ. ಆದರೂ ಅಂದಾಜಿಗೆ ಇದು ಸಾಕು. ಇನ್‌ಹೇಲರ್ ಬಿಟ್ಟು ಉಬ್ಬಸ ಏರಿದಾಗ ನುಂಗಬೇಕಾಗಿ ಬರುವುದು ಆ ಮಾತ್ರೆಗಳನ್ನೇ.

ಇನ್ನು ಉಪವಾಸದ ಮಾತು. ಊತ ಇಳಿಸುವ ಇನ್‌ಹೇಲರನ್ನು ಹೆಚ್ಚಿನವರಿಗೆ ದಿನಕ್ಕೆ ಎರಡು ಸಲ ಬರೆದುಕೊಟ್ಟಿರುತ್ತಾರೆ. ನಮ್ಮಲ್ಲಿ ಉಪವಾಸದ ಹೊತ್ತು ಸುಮಾರು 13 ಗಂಟೆ. ಸಹರಿಗೆ ಒಮ್ಮೆ, ಇಫ್ತಾರ್ ಬಳಿಕ ಒಮ್ಮೆ ಎಳೆದರೆ ಲೆಕ್ಕ ಸರಿಹೋಗುತ್ತದೆ, ಫತ್ವಾದ ಪ್ರಶ್ನೆಯೇ ಏಳುವುದಿಲ್ಲ. ಅಝಾನ್‌ಗೆ ಮುಂಚೆ ಎಳೆದು, ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲವಾದರೆ ಬಾಯಲ್ಲಿ ಬಿಳಿ ಬೂಷ್ಟು ಬರಬಹುದು. ಹಗಲಲ್ಲಿ ಮತ್ತೆ ಮತ್ತೆ ನೀಲಿ ಪಂಪ್ ಬೇಕಾಗುತ್ತಿದೆಯೆಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದರ್ಥ. ಮಾತು ಪೂರ್ತಿ ಮಾಡಲಾಗದಷ್ಟು ಉಸಿರು ಕಟ್ಟಿದರೆ ಮಗ್ರಿಬ್‌ಗೆ ಕಾಯಬೇಡಿ. ಪಂಪ್ ಎಳೆದು ಆಸ್ಪತ್ರೆಗೆ ಹೊರಡಿ. ರೋಗಿಗಳು ಬಿಟ್ಟ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಬಹುದೆಂಬ ರಿಯಾಯಿತಿ ಸೂರಃ ಅಲ್‌ಬಕರಃದಲ್ಲೇ ಇದೆ.

ಮನೆಯಲ್ಲಿ ಲೋಬಾನದ ಹೊಗೆ ಹಾಕುವ ರೂಢಿಯಿದ್ದರೆ ಅಸ್ತಮಾ ಇರುವ ಮಗುವಿನ ಕೋಣೆಯನ್ನಾದರೂ ಬಿಡಿ. ರಮಝಾನ್‌ಗೆ ತಿಂಗಳ ಮೊದಲೇ ವೈದ್ಯರನ್ನು ಕಂಡು, ಇನ್‌ಹೇಲರನ್ನು ಜೊತೆಗೊಯ್ದು ಅವರೆದುರಿಗೇ ಎಳೆದು ತೋರಿಸಿ. ಸ್ಪ್ರೇ ಬಗೆಯದಾದರೆ ನಿಧಾನವಾಗಿ, ಪುಡಿಯದಾದರೆ ಜೋರಾಗಿ ಎಳೆಯಬೇಕು. ವರ್ಷಗಟ್ಟಲೆ ಬಳಸಿದವರೂ ಇಲ್ಲೇ ತಪ್ಪುತ್ತಾರೆ.