ಹಾಳಾದ ಜಗತ್ತಿಗೆ ಬಿದ್ದ ಹಾರುವ ತಟ್ಟೆ

ಬಟಾಬಯಲಿನ ನಡುವೆ ಒಂದು ಹಾರುವ ತಟ್ಟೆ ಕೆಟ್ಟು ಬಿದ್ದಿದೆ! ಪಕ್ಕದಲ್ಲಿ ಎರಡು ಅಸ್ಥಿಪಂಜರ. ಮನುಷ್ಯರದಲ್ಲ, ತಲೆಬುರುಡೆ ನೋಡಿದರೇ ಗೊತ್ತಾಗುತ್ತದೆ. ‘ಇದು ಏರಿಯಾ 51ರ ಸ್ವತ್ತು, ಸಿಕ್ಕವರು ಹಿಂದಿರುಗಿಸಿ’ ಎನ್ನುವ ಅರ್ಥದ ಒಂದು ಬರಹ. ಅಸ್ಥಿಪಂಜರದ ಬಳಿ ಯಾವ ಕಾರ್ಖಾನೆಯದೂ ಅಲ್ಲದ ಒಂದು ಪಿಸ್ತೂಲು. ಅದರ ಜೊತೆಗೆ, ನಂಬಿದರೆ ನಂಬಿ, ವೆಲ್ವೆಟ್ ಬಟ್ಟೆಯ ಮೇಲೆ ಬರೆದ ಎಲ್ವಿಸ್ ಪ್ರೀಸ್ಲಿಯ ಚಿತ್ರ!

ಇದು 1997ರಲ್ಲಿ ಇಂಟರ್‌ಪ್ಲೇ ಕಂಪನಿ ಹೊರತಂದ ‘ಫಾಲ್ಔಟ್’ ಎಂಬ ವಿಡಿಯೋ ಗೇಮ್‌ನೊಳಗಿನ ದೃಶ್ಯ. ಇದಕ್ಕೆ ಕರೆದೊಯ್ಯುವ ದಾರಿಯೇ ಆಟದಲ್ಲಿಲ್ಲ. ನಕಾಶೆಯಲ್ಲಿ ಗುರುತಿಲ್ಲ, ಯಾವ ಪಾತ್ರವೂ ಇದರ ಸುದ್ದಿ ಎತ್ತುವುದಿಲ್ಲ. ಊರಿಂದೂರಿಗೆ ಹೋಗುವಾಗ ಅಕಸ್ಮಾತ್ ಎದುರಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಾತ್ರವನ್ನು ರೂಪಿಸುವಾಗ ಆಟಗಾರ ಶಕ್ತಿ, ಬುದ್ಧಿ, ಚುರುಕುತನ ಮುಂತಾದ ಏಳು ಗುಣಗಳಿಗೆ ಅಂಕ ಹಂಚಬೇಕು. ಅವುಗಳಲ್ಲಿ ಒಂದು ಅದೃಷ್ಟ. ಅದಕ್ಕೆ ಅಂಕ ಸುರಿದವರಿಗೆ ತಟ್ಟೆ ಸಿಗುವ ಸಂಭವ ಹೆಚ್ಚು. ಮೊದಲ ಸಲ ಆಡಿದ ಎಷ್ಟೋ ಮಂದಿ ಇದು ಇದೆ ಎಂದೇ ತಿಳಿಯದೆ ಆಟ ಮುಗಿಸಿದರು. ಯಾರೂ ನೋಡದೇ ಹೋಗಬಹುದಾದ ಜಾಗದಲ್ಲಿ ಇಷ್ಟು ಕುಸುರಿ ಮಾಡಿಟ್ಟವರ ಎದೆಗಾರಿಕೆಗೆ ಏನೆನ್ನಬೇಕು!

ಆಟದ ಲೋಕವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಅಮೆರಿಕದ 1950ರ ದಶಕ ಮುಗಿಯಲೇ ಇಲ್ಲ. ಕಾರು ಅಣುಶಕ್ತಿಯಲ್ಲಿ ಓಡುತ್ತದೆ, ಮನೆಗೆಲಸಕ್ಕೆ ರೋಬೋ ಬಂದಿದೆ, ಆದರೆ ರೇಡಿಯೋದ ಹಾಡು, ಜಾಹೀರಾತಿನ ನಗು, ಕಮ್ಯುನಿಸ್ಟರ ಭಯ ಎಲ್ಲ ಹಾಗೇ ಉಳಿದಿದೆ. ಎಣ್ಣೆ, ಯುರೇನಿಯಂಗಾಗಿ ಕಿತ್ತಾಡಿ 2077ರ ಅಕ್ಟೋಬರ್ 23ರಂದು ದೇಶಗಳು ಪರಸ್ಪರ ಅಣುಬಾಂಬ್ ಹಾಕಿಕೊಳ್ಳುತ್ತವೆ. ಸುಮಾರು ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಆಟ ಶುರುವಾಗುವುದು ಅದಾದ ಎಷ್ಟೋ ವರ್ಷಗಳ ಮೇಲೆ, ಬೂದಿ ಮತ್ತು ವಿಕಿರಣದ ನಡುವೆ.

1950ರ ದಶಕದಲ್ಲೇ ನಿಂತ ಲೋಕಕ್ಕೆ ಹಾರುವ ತಟ್ಟೆ ಬಾರದೆ ಇನ್ನೇನು ಬಂದೀತು? ಕೆನೆತ್ ಅರ್ನಾಲ್ಡ್ ಎಂಬ ಪೈಲಟ್ ರೇನಿಯರ್ ಪರ್ವತದ ಬಳಿ ಮಿನುಗುವ ವಸ್ತುಗಳನ್ನು ಕಂಡೆ ಎಂದದ್ದು 1947ರ ಜೂನ್ 24ರಂದು. ಅದಾದ ಕೆಲವೇ ದಿನಗಳಲ್ಲಿ ರಾಸ್‌ವೆಲ್ ಗದ್ದಲ. ಅಣುಬಾಂಬಿನ ಹೆದರಿಕೆಯೂ ಆಕಾಶದ ಅತಿಥಿಗಳ ಹೆದರಿಕೆಯೂ ಒಟ್ಟೊಟ್ಟಿಗೆ ಬೆಳೆದವು. ಏರಿಯಾ 51 ಎಂಬುದೊಂದು ಇದೆ ಎಂದು ಸಿಐಎ ದಾಖಲೆಗಳು ಬಾಯಿಬಿಟ್ಟದ್ದು 2013ರಲ್ಲಿ. ತಟ್ಟೆಯ ಮೇಲಿನ ಆ ಬರಹದ ತಮಾಷೆ ಆಟಕ್ಕೆ ಬಂದಾಗ ಸರ್ಕಾರ ಇನ್ನೂ ತುಟಿ ಪಿಟಿಕ್ ಎಂದಿರಲಿಲ್ಲ!

ಮೊದಲ ಆಟದಲ್ಲಿ ಈ ಜೀವಿಗಳು ಬರೀ ತಮಾಷೆ. ಎರಡನೆಯದರಲ್ಲಿ, 1998ರಲ್ಲಿ, ರೆಡ್ಡಿಂಗ್ ಎಂಬ ಚಿನ್ನದ ಗಣಿಯ ಊರಿನಲ್ಲಿ ವಾನಮಿಂಗೋ ಎಂಬ ಭಯಾನಕ ಪ್ರಾಣಿಗಳು ಎದುರಾಗುತ್ತವೆ. ನೋಡಿದವರೆಲ್ಲ ಬೇರೆ ಗ್ರಹದವೇ ಎಂದುಕೊಂಡರು. ಆಮೇಲೆ ಆಟದ ಬರಹಗಾರರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್, ಅವು ಮನುಷ್ಯರೇ ಪ್ರಯೋಗಾಲಯದಲ್ಲಿ ವೈರಸ್ ಬಳಸಿ ಯುದ್ಧಕ್ಕೆಂದು ಹುಟ್ಟಿಸಿದ ಪ್ರಾಣಿಗಳು ಎಂದು ಬಿಡಿಸಿ ಹೇಳಿದರು. ಹುಸಿ ಸುಳಿವು!

ನಿಜವಾದ ಬಾಗಿಲು ತೆರೆದದ್ದು 2008ರಲ್ಲಿ ಬೆಥೆಸ್ಡಾ ಕಂಪನಿ ತಂದ ‘ಫಾಲ್ಔಟ್ 3’ರಲ್ಲಿ. ಈಗ 2277, ವಾಷಿಂಗ್ಟನ್ನಿನ ಅವಶೇಷ. ಉತ್ತರದ ಗುಡ್ಡಗಳ ನಡುವೆ ‘ರೆಕಾನ್ ಕ್ರಾಫ್ಟ್ ಥೀಟಾ’ ಎಂಬ ಪುಟ್ಟ ನೌಕೆ ಬಿದ್ದಿದೆ, ಬಳಿಯಲ್ಲಿ ಸತ್ತ ಚಾಲಕ, ಅವನ ಕೈಯಿಂದ ಜಾರಿದ ಏಲಿಯನ್ ಬ್ಲಾಸ್ಟರ್. ಈ ಪಿಸ್ತೂಲಿನ ಏಟು ಎಂಥದ್ದೆಂದರೆ, ಬುಲೆಟ್ ಮೇಲೆ ಬುಲೆಟ್ ತಿಂದರೂ ಬೀಳದ ದೈತ್ಯರು ಕ್ಷಣದಲ್ಲಿ ಬೂದಿ! ಆದರೆ ಒಂದು ಕೊಕ್ಕೆ ಇದೆ. ಮೊದಲ ಆಟದಲ್ಲಿ ಇದು ಮನುಷ್ಯರ ಸಾಧಾರಣ ಶಕ್ತಿಕೋಶದಿಂದಲೇ ನಡೆಯುತ್ತಿತ್ತು. ಇಲ್ಲಿ ಹಾಗಲ್ಲ, ಆ ಜೀವಿಗಳದ್ದೇ ಕೋಶ ಬೇಕು. ಅದನ್ನು ಯಾವ ಅಂಗಡಿಯವನೂ ಮಾರುವುದಿಲ್ಲ, ಯಾವ ಮೆಕ್ಯಾನಿಕ್ಕೂ ಮಾಡಿಕೊಡಲಾರ. ಸಿಕ್ಕಿದ್ದಷ್ಟೇ. ಹಾಗಾಗಿ ಎಷ್ಟೋ ಆಟಗಾರರು ಈ ಪಿಸ್ತೂಲನ್ನು ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಯ ಹಾಗೆ ಕಾಪಾಡಿಕೊಂಡು, ಒಮ್ಮೆಯೂ ಬಳಸದೆ ಆಟ ಮುಗಿಸುತ್ತಾರೆ. ಪರಕೀಯತೆಯನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಉಪಾಯ ನನಗಂತೂ ಕಂಡಿಲ್ಲ. ಬೇರೊಂದು ನಾಗರಿಕತೆಯ ಯಂತ್ರ ಕೈಯಲ್ಲಿದೆ, ಅದಕ್ಕೆ ಉಣಿಸಲು ನಿಮ್ಮ ಜಗತ್ತಿನಲ್ಲಿ ಏನೂ ಇಲ್ಲ!

2009ರ ಆಗಸ್ಟಿನಲ್ಲಿ ಈ ಆಟಕ್ಕೆ ‘ಮದರ್‌ಶಿಪ್ ಝೀಟಾ’ ಎಂಬ ಹೆಚ್ಚುವರಿ ಕಂತು ಬಂತು. ಮುಂಗೈಗೆ ಕಟ್ಟಿದ ಯಂತ್ರದ ರೇಡಿಯೋದಲ್ಲಿ ಅರ್ಥವಾಗದ ಒಂದು ಸಿಗ್ನಲ್. ಅದನ್ನು ಹಿಡಿದು ಬಿದ್ದ ನೌಕೆಯ ಹತ್ತಿರ ಹೋದರೆ ಆಕಾಶದಿಂದ ಬೆಳಕಿನ ಕಂಬ ಇಳಿದು ಮೇಲಕ್ಕೆ ಸೆಳೆದುಕೊಂಡುಬಿಡುತ್ತದೆ. ಕಣ್ಣು ಬಿಟ್ಟರೆ ಶಸ್ತ್ರಚಿಕಿತ್ಸೆಯ ಮೇಜು, ಸುತ್ತ ಬಾಗಿದ ಹಸಿರು ಮುಖಗಳು. ಮೈ ಜುಮ್ಮೆನ್ನುವ ಈ ದೃಶ್ಯಕ್ಕೆ ಮೂಲವಿದೆ. 1961ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂ ಹ್ಯಾಂಪ್‌ಶೈರ್‌ನ ದಾರಿಯಲ್ಲಿ ತಮ್ಮನ್ನು ಹೀಗೇ ಎತ್ತಿಕೊಂಡು ಹೋಗಿ ಪರೀಕ್ಷಿಸಿದರು ಎಂದು ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ ಹೇಳಿದ್ದರು. ಬೆಟ್ಟಿ ಬರೆದುಕೊಟ್ಟ ನಕ್ಷತ್ರ ನಕಾಶೆಯನ್ನು ಮಾರ್ಜೊರಿ ಫಿಶ್ ಎಂಬ ಶಿಕ್ಷಕಿ ಲೆಕ್ಕ ಹಾಕಿ, ಅದು ಝೀಟಾ ರೆಟಿಕ್ಯುಲಿ ಎಂಬ ಜೋಡಿ ನಕ್ಷತ್ರವನ್ನು ತೋರಿಸುತ್ತದೆ ಎಂದರು. ಸುಮಾರು 39 ಜ್ಯೋತಿರ್ವರ್ಷ ದೂರದ್ದು. ವಿಜ್ಞಾನಿಗಳು ಒಪ್ಪಲಿಲ್ಲ, ಅದು ಬೇರೆ ವಿಷಯ. ಆದರೆ ‘ಝೀಟಾ’ ಅಂದಿನಿಂದ ಏಲಿಯನ್ ಕತೆಗಳ ಮನೆ ವಿಳಾಸವಾಯಿತು. ಆಟದ ಜೀವಿಗಳಿಗೂ ಝೀಟನ್ ಎಂಬ ಹೆಸರು ನಿಂತಿತು.

ನೌಕೆಯೊಳಗೆ ಹೆಜ್ಜೆಹೆಜ್ಜೆಗೂ ಬಾಯಿ ಬಿಡುವಂಥದ್ದು! ಒಂದು ಜಾಗದಲ್ಲಿ ನಿಂತರೆ ಇನ್ನೊಂದರಲ್ಲಿ ಪ್ರತ್ಯಕ್ಷವಾಗಿಸುವ ಪೀಠಗಳು, ಕಾವಲು ಡ್ರೋನ್‌ಗಳು, ಯಾವ ಬಂದೂಕನ್ನಾದರೂ ಕೂಡಲೇ ಸರಿಪಡಿಸುವ ಎಪಾಕ್ಸಿ ಅಂಟು, ಗಾಯ ಮಾಯಿಸುವ ಬಯೋಜೆಲ್. ಅಟಮೈಜರ್, ಡಿಸಿಂಟಿಗ್ರೇಟರ್ ಎಂಬ ಬಂದೂಕುಗಳು. ನೌಕೆಯ ಹೊರಮೈ ಮೇಲೆ ನಡೆಯಬೇಕಾದ ಒಂದು ಹಂತವಂತೂ ಅದ್ಭುತ: ಬಾಹ್ಯಾಕಾಶದ ಉಡುಪು ತೊಟ್ಟು, ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳದ ಹಾಗೆ ನಡೆಯುವಾಗ ಕಣ್ಣೆದುರಿಗೆ ಸುಟ್ಟುಹೋದ ಭೂಮಿಯ ಗೋಳ. ಅದರ ಮೇಲೆ ಗುರಿಯಿಟ್ಟು ಒಂದು ಡೆತ್ ರೇ ಕೂತಿದೆ. ಹೌದು, ಅದರ ಹೆಸರೇ ಅದು, ಹಳೆಯ ಕಾಮಿಕ್ಸ್ ಪುಟದಿಂದ ನೇರ ಎದ್ದುಬಂದ ಹಾಗೆ.

ಇಷ್ಟಾದರೂ ಝೀಟನ್‌ಗಳು ಒಂದು ಮಾತನ್ನೂ ನಮಗೆ ಅರ್ಥವಾಗುವಂತೆ ಆಡುವುದಿಲ್ಲ. ಅವರ ಭಾಷೆಗೆ ಅನುವಾದವಿಲ್ಲ, ಸಬ್‌ಟೈಟಲ್ ಇಲ್ಲ, ತೆರೆದು ಓದುವ ಡೈರಿ ಇಲ್ಲ. ಏಕೆ ಬಂದರು, ಏನು ಬೇಕಿತ್ತು ಎಂದು ಯಾರೂ ಹೇಳುವುದಿಲ್ಲ. ಅವರು ಕೂಡಿಟ್ಟ ವಸ್ತುಗಳನ್ನು ನೋಡಿಯೇ ಊಹಿಸಬೇಕು. ಒಂದು ಕೋಣೆಯಲ್ಲಿ ಶೀತಲ ಪೆಟ್ಟಿಗೆಗಳ ಸಾಲು, ಒಳಗೆ ಬೇರೆಬೇರೆ ಕಾಲದ ಮನುಷ್ಯರು! ತೊಶಿರೊ ಕಾಗೊ ಎಂಬ ಸಮುರಾಯಿ, ಪಾಲ್ಸನ್ ಎಂಬ ಕೌಬಾಯ್, ಅಲಾಸ್ಕಾ ಯುದ್ಧದಲ್ಲಿದ್ದ ಎಲಿಯಟ್ ಎಂಬ ಸೇನಾ ವೈದ್ಯ. ಇವರ ಜೊತೆಗೆ ಅಣುಯುದ್ಧಕ್ಕೂ ಮೊದಲೇ ಕದ್ದೊಯ್ಯಲ್ಪಟ್ಟ ಸ್ಯಾಲಿ ಎಂಬ ಪುಟ್ಟ ಹುಡುಗಿ. ಗಾಳಿಕೊಳವೆಗಳಲ್ಲಿ ನುಸುಳಿ ಓಡಾಡುತ್ತ ನೌಕೆಯ ಮೂಲೆಮೂಲೆ ತಿಳಿದುಕೊಂಡವಳು. ಸಮುರಾಯಿ ಜಪಾನಿ ಮಾತಾಡುತ್ತಾನೆ, ಅದಕ್ಕೂ ಅನುವಾದವಿಲ್ಲ. ಏಲಿಯನ್‌ನಷ್ಟೇ ಅವನೂ ಅಪರಿಚಿತ! ಆದರೂ ಅವನ ಕತ್ತಿಯ ಬೀಸು ನೋಡಿದರೆ ಯಾರ ಪಕ್ಷ ಎಂದು ಕೇಳಬೇಕಾಗುವುದಿಲ್ಲ. ಇನ್ನೊಂದು ಕಡೆ ಪ್ರಯೋಗಾಲಯ, ಮನುಷ್ಯರ ದೇಹವನ್ನು ತಮ್ಮದರ ಜೊತೆ ಬೆಸೆದು ಮಾಡಿದ ವಿಕಾರ ಜೀವಿಗಳು. ಅಂದರೆ ಝೀಟನ್‌ಗಳು ಶತಮಾನಗಳಿಂದ ಬಂದುಹೋಗುತ್ತಲೇ ಇದ್ದಾರೆ.

ಇನ್ನು ಧ್ವನಿಮುದ್ರಣಗಳು. ಸೆರೆಯಾದವರ ವಿಚಾರಣೆಯ 25 ಮುದ್ರಿಕೆಗಳು ನೌಕೆಯ ತುಂಬ ಚದುರಿವೆ. ಅಳುವವರು, ಬೈಯುವವರು, ಕನಸೆಂದುಕೊಂಡವರು. ಅವುಗಳ ನಡುವೆ ಒಬ್ಬ ಅಮೆರಿಕನ್ ಸೇನಾಧಿಕಾರಿಯ ದನಿ ಇದೆ. ಅವನಿಂದ ಅವರು ಕಿತ್ತುಕೊಳ್ಳಲು ನೋಡುತ್ತಿರುವುದು ಅಣುಕ್ಷಿಪಣಿ ಉಡಾವಣೆಯ ಸಂಕೇತಗಳನ್ನು!

ಒಂದು ನಿಮಿಷ ನಿಂತು ಯೋಚಿಸಿ. ಮೂರು ಆಟಗಳ ಉದ್ದಕ್ಕೂ ಮನುಷ್ಯನೇ ಜಗತ್ತನ್ನು ಸುಟ್ಟುಕೊಂಡ ಎಂಬುದು ತಳಪಾಯ. ಈ ಒಂದು ಮುದ್ರಿಕೆ ಅದರ ಕೆಳಗೆ ಸುರಂಗ ತೋಡುತ್ತದೆ. ಎಲ್ವಿಸ್ ಚಿತ್ರ ಹಿಡಿದು ಬಿದ್ದಿದ್ದ ತಮಾಷೆಯ ಜೀವಿಗಳೇ ಆ ಎರಡು ಗಂಟೆಯ ಯುದ್ಧಕ್ಕೆ ಕಿಡಿ ಹಚ್ಚಿದರೇ? ಆಟ ಉತ್ತರ ಕೊಡುವುದಿಲ್ಲ. ಮೂಲ ಆಟದ ಸೃಷ್ಟಿಕರ್ತ ಟಿಮ್ ಕೇನ್ ಹಲವು ವರ್ಷಗಳ ಮೇಲೆ, ತಮ್ಮ ಮನಸ್ಸಿನಲ್ಲಿ ಮೊದಲು ಕ್ಷಿಪಣಿ ಹಾರಿಸಿದ್ದು ಚೀನಾ ಎಂದರು. 2024ರಲ್ಲಿ ಬಂದ ಟಿವಿ ಸರಣಿ, ಬಂಕರ್ ಕಟ್ಟಿ ಮಾರುತ್ತಿದ್ದ ವಾಲ್ಟ್-ಟೆಕ್ ಕಂಪನಿಯ ಕಡೆ ಬೆರಳು ತೋರಿಸಿತು. ನನ್ನ ಮಟ್ಟಿಗೆ ಏಲಿಯನ್‌ಗಳು ಮಾಡಿದ್ದಲ್ಲ ಎಂದರೇ ನೆಮ್ಮದಿ. ಅವರ ತಲೆಗೆ ಕಟ್ಟಿದರೆ ಕತೆಯ ಚುಚ್ಚುಮುಳ್ಳೇ ಹೋಗುತ್ತದೆ. ಆದರೂ ಆ ದನಿ ಕೇಳಿದ ಮೇಲೆ ಕಿವಿಯಿಂದ ಹೋಗುವುದಿಲ್ಲ, ನಿಜ.

2010ರ ‘ನ್ಯೂ ವೇಗಸ್’ ಮತ್ತೆ ಹಳೆಯ ತಮಾಷೆಗೆ ಮರಳಿತು. ಅಲ್ಲಿ ‘ವೈಲ್ಡ್ ವೇಸ್ಟ್‌ಲ್ಯಾಂಡ್’ ಎಂಬ ಗುಣವನ್ನು ಆರಿಸಿಕೊಂಡರೆ ಬಯಲಿನ ಒಂದು ಕಡೆ ಮೂವರು ಏಲಿಯನ್‌ಗಳು. ಆರಿಸದಿದ್ದರೆ ಅದೇ ಜಾಗದಲ್ಲಿ ಬಾಡಿಗೆ ಬಂಟರು. ನಂಬುವವರಿಗೆ ಉಂಟು, ನಂಬದವರಿಗೆ ಇಲ್ಲ! ನಂಬಿಕೆಯ ಲೇವಡಿ ‘ಫಾಲ್ಔಟ್ 4’ಕ್ಕೆ 2016ರಲ್ಲಿ ಬಂದ ‘ನೂಕಾ ವರ್ಲ್ಡ್’ ಕಂತಿನಲ್ಲಿ ಇನ್ನೂ ಜೋರು. ಹಬಾಲಜಿಸ್ಟರು ಎಂಬ ಪಂಥದವರು ಗುಜರಿಯಲ್ಲಿ ಬಿದ್ದ ಮನರಂಜನಾ ಪಾರ್ಕಿನ ಗಿರಗಿಟ್ಲೆಯನ್ನು ನಿಜವಾದ ನೌಕೆ ಎಂದು ತಿಳಿದು ಭಕ್ತಿಯಿಂದ ಹತ್ತಿ ಕೂರುತ್ತಾರೆ.

2015ರ ‘ಫಾಲ್ಔಟ್ 4’ರಲ್ಲಿ ನೌಕೆ ಕಣ್ಣೆದುರೇ ಬೀಳುತ್ತದೆ. ಬಾಸ್ಟನ್ ಸುತ್ತಮುತ್ತಲ ಹಾಳುಭೂಮಿ, 2287. ಆಟಗಾರ 20ನೇ ಲೆವೆಲ್ ದಾಟಿದ ಮೇಲೆ ಒಂದು ದಿನ ತಲೆಯ ಮೇಲೆ ಏನೋ ಹೊತ್ತಿ ಉರಿಯುತ್ತ ಹಾದು ದೂರದಲ್ಲಿ ಅಪ್ಪಳಿಸುತ್ತದೆ. ಯಾರೂ ಕೆಲಸ ವಹಿಸಿಲ್ಲ, ಪಟ್ಟಿಯಲ್ಲಿ ಸೇರಿಲ್ಲ. ಕುತೂಹಲವಿದ್ದವರು ಹುಡುಕಿಕೊಂಡು ಹೋದರೆ ನೌಕೆಯಿಂದ ಹಸಿರು ರಕ್ತದ ಜಾಡು, ಅದು ಮುಗಿಯುವ ಕಡೆ ಒಂದು ಗುಹೆ, ಒಳಗೆ ಗಾಯಗೊಂಡ ಒಬ್ಬನೇ ಒಬ್ಬ ಝೀಟನ್. ಅವನ ಪಿಸ್ತೂಲನ್ನು ಇಲ್ಲಿ ಬೆಂಚಿನ ಮೇಲಿಟ್ಟು ಬಿಚ್ಚಿ, ವಿಜ್ಞಾನ ಬಲ್ಲವರಾದರೆ ಮನುಷ್ಯರ ಫ್ಯೂಷನ್ ಸೆಲ್ ತಿನ್ನುವ ಹಾಗೆ ಮಾರ್ಪಡಿಸಬಹುದು. ಕೊನೆಗೂ ಊಟ ಸಿಕ್ಕಿತು! ಆದರೆ ಹೊಡೆತದ ಬಲ ತಗ್ಗುತ್ತದೆ.

2018ರ ‘ಫಾಲ್ಔಟ್ 76’ ವೆಸ್ಟ್ ವರ್ಜೀನಿಯಾಕ್ಕೆ ಹೋಗಿ ಅಲ್ಲಿಯ ಜನಪದದ ಭೂತಗಳನ್ನೇ ಎಬ್ಬಿಸಿತು. 1952ರ ಸೆಪ್ಟೆಂಬರ್ 12ರ ಸಂಜೆ ಫ್ಲಾಟ್‌ವುಡ್ಸ್ ಎಂಬ ಹಳ್ಳಿಯ ಗುಡ್ಡದ ಮೇಲೆ ಬೆಂಕಿಯೊಂದು ಬಿದ್ದದ್ದನ್ನು ಕಂಡು ಓಡಿಹೋದ ಹುಡುಗರಿಗೆ ಎತ್ತರದ, ಕೆಂಪು ಮುಖದ ಏನೋ ಕಂಡಿತ್ತು. ಉಲ್ಕೆ ಮತ್ತು ಮರದ ಮೇಲೆ ಕೂತ ಕಣಜಗೂಬೆ ಎಂದು ಸಂಶೋಧಕರು ಆಮೇಲೆ ವಿವರಿಸಿದರು. ಆಟದಲ್ಲಿ ಅದು ಗೂಬೆಯಲ್ಲ! 2022ರ ಮಾರ್ಚಿನಲ್ಲಿ ಇಡೀ ಝೀಟನ್ ಪಡೆಯೇ ಅಲ್ಲಿಗೆ ಇಳಿಯಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ‘ಫಾಲ್ಔಟ್ 4’ರ ಕ್ಯಾಬಟ್ ಮನೆತನ. ಲೊರೆಂಜೊ ಕ್ಯಾಬಟ್ ಎಂಬ ಪುರಾತತ್ವಜ್ಞ 1894ರಲ್ಲಿ ಅರೇಬಿಯಾದ ರುಬ್ ಅಲ್ ಖಾಲಿ ಮರಳುಗಾಡಿನಲ್ಲಿ, ಮನುಷ್ಯಕುಲಕ್ಕೂ ಹಳೆಯದಾದ ಒಂದು ನಗರದ ಅವಶೇಷದಿಂದ ಒಂದು ಕಿರೀಟ ತಂದು ತಲೆಗಿಟ್ಟುಕೊಳ್ಳುತ್ತಾನೆ. ಅದು ತಲೆಯಿಂದ ಬಿಡಲಿಲ್ಲ, ಸಾವೂ ಹತ್ತಿರ ಬರಲಿಲ್ಲ. ನಗರದ ಹೆಸರು ಉಬರ್. ಇದು ಬರೀ ಕಲ್ಪನೆಯ ಹೆಸರಲ್ಲ! ಅರಬ್ಬರ ಕತೆಗಳಲ್ಲಿ ಮರಳಿನಡಿ ಕಳೆದುಹೋದ ಊರದು. ಬಾಹ್ಯಾಕಾಶದಿಂದ ತೆಗೆದ ಚಿತ್ರಗಳಲ್ಲಿ ಹಳೆಯ ಒಂಟೆದಾರಿಗಳನ್ನು ಗುರುತಿಸಿ, ಒಮಾನ್‌ನ ಶಿಸ್ರ್ ಎಂಬಲ್ಲಿ ಸಿಕ್ಕಿದ ಕೋಟೆಯೇ ಉಬರ್ ಎಂದು 1992ರಲ್ಲಿ ಒಂದು ತಂಡ ಸಾರಿತ್ತು. ವಾದ ಇಂದಿಗೂ ಮುಗಿದಿಲ್ಲ.

ಆಟದಲ್ಲಿ ಲೊರೆಂಜೊನ ಮಗ ಜ್ಯಾಕ್ ತಂದೆಯನ್ನು ಹುಚ್ಚಾಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿ, ಅವನ ರಕ್ತದಿಂದ ತೆಗೆದ ಮದ್ದನ್ನು ಚುಚ್ಚಿಕೊಂಡು, ಇಡೀ ಸಂಸಾರದ ಜೊತೆ ಸುಮಾರು ನಾನ್ನೂರು ವರ್ಷ ಬದುಕಿದ್ದಾನೆ. ಆ ನಗರ ಕಟ್ಟಿದವರು ಝೀಟನ್‌ಗಳೋ, ಅವರಿಗಿಂತ ಹಿಂದಿನವರೋ ಎಂಬುದಕ್ಕೆ ಒಂದು ಸುಳಿವೂ ಇಲ್ಲ. ಲೊರೆಂಜೊನನ್ನು ಬಿಡಿಸಬೇಕೋ ಕೊಲ್ಲಬೇಕೋ ಎಂಬುದು ನಿಮಗೆ ಬಿಟ್ಟದ್ದು. ಬಿಡಿಸಿದರೆ ಅವನು ಸಂಸಾರದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ, ನಿಮಗೆ ಆ ಮದ್ದು ಸಿಗುತ್ತಿರುತ್ತದೆ. ಕೊಂದರೆ ಕಿರೀಟ ಜ್ಯಾಕ್‌ನ ಕೈಸೇರುತ್ತದೆ. ಮುಟ್ಟದೆಯೇ ವಸ್ತುಗಳನ್ನು ಎಸೆಯಬಲ್ಲ, ಸಾವನ್ನು ಶತಮಾನಗಳ ಕಾಲ ತಡೆದು ನಿಲ್ಲಿಸಿದ ಆ ವಸ್ತುವಿನಿಂದ ಅವನು ಕೆಲವು ದಿನ ಕೂತು ಮಾಡಿ, ನೀವು ತಿರುಗಿ ಬಂದಾಗ ಕೈಗಿಡುವುದು ಒಂದು ಬಂದೂಕನ್ನು.